ಮಣೆ ಮನೆಗೆ ಬಂದಿದೆ, ಆಡುವವರು ಬಂದಿದ್ದಾರೆಯೆ?

ಕಟ್ಟೆಮನೆ (ಮೈಸೂರು):

ಕಳೆದ ವರ್ಷ ನಮ್ಮ ಗೃಹಪ್ರವೇಶಕ್ಕೆ ಬಂದ ಉಡುಗೊರೆಗಳಲ್ಲಿ ಎರಡು ಅಳಿಗುಳಿ ಮಣೆ, ಬಟ್ಟೆಯ ಮೇಲೆ ಅಚ್ಚು ಹಾಕಿದ ಒಂದು ಚೌಕಾಬಾರ, ಚನ್ನಪಟ್ಟಣದ ಅರಗಿನ ಬಣ್ಣದ ಕಾಯಿಗಳಿದ್ದ ಒಂದು ಪೆಟ್ಟಿಗೆ ಇದ್ದವು. ಮೊದಲೆಲ್ಲ ಇಂಥ ಸಮಾರಂಭಗಳಿಗೆ ಗೋಡೆ ಗಡಿಯಾರವೋ ಸ್ಟೀಲ್ ಡಬ್ಬಿಯೋ ಬರುತ್ತಿತ್ತು. ಹಾಗಾಗಿ ಹಳೆಯ ಆಟಗಳ ಕಡೆಗೆ ಜನರ ಗಮನ ಮರಳಿದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಚೆನ್ನೈನ ‘ಕ್ರೀಡಾ’ ಸಂಸ್ಥೆ 2002ರಿಂದಲೂ ಇಂಥ ಆಟಗಳನ್ನು ಹೊಸದಾಗಿ ಮಾಡಿಸಿ ಮಾರುತ್ತಿದೆ. ನಮ್ಮ ಊರಿನಲ್ಲಿಯೇ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನವನ್ನು ನಡೆಸಿಕೊಂಡು ಬಂದಿದ್ದಾರೆ; ಅಲ್ಲಿ ಪಗಡೆಯ ಹಾಸು, ಹುಲಿ-ಕುರಿಯ ಮಣೆ, ಕುಸುರಿ ಮಾಡಿದ ಅಳಿಗುಳಿ ಮಣೆಗಳ ಮುಂದೆ ನಿಂತು ಬಾಲ್ಯವನ್ನು ನೆನೆಯುವ ಹಿರಿಯರನ್ನು ನಾನು ಕಂಡಿದ್ದೇನೆ.

ನನ್ನ ಅನುಮಾನ ಬೇರೆಯದು. ನಮಗೆ ಬಂದ ಎರಡೂ ಮಣೆಗಳು ಇಂದಿಗೂ ನಡುಮನೆಯ ಷೋಕೇಸಿನಲ್ಲಿವೆ. ಬಂದವರು ಅವನ್ನು ಕೈಗೆತ್ತಿಕೊಂಡು, ‘ಅಯ್ಯೋ, ನಮ್ಮ ಅಜ್ಜಿಯ ಮನೆಯಲ್ಲಿ ಇಂಥದೇ ಇತ್ತು’ ಎಂದು ಹೇಳಿ, ಅಲ್ಲಿಯೇ ಇಟ್ಟು ಕಾಫಿ ಕುಡಿದು ಹೋಗುತ್ತಾರೆ. ಹನ್ನೊಂದು ವರ್ಷದ ನನ್ನ ಮೊಮ್ಮಗ ಅದೇ ಷೋಕೇಸಿನ ಎದುರು ಕುಳಿತು ಟ್ಯಾಬಿನಲ್ಲಿ ಆಡುತ್ತಾನೆ. ಆಸಕ್ತಿ ಮರಳಿರುವುದು ಆಟಕ್ಕೋ, ಆಟದ ಸಾಮಾನಿಗೋ ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಮೈಸೂರಿನವನಾದ ನನಗೆ ಇದರಲ್ಲಿ ಗಂಜೀಫಾದ, ಅಂದರೆ ಕೈಯಿಂದ ಚಿತ್ರ ಬರೆದ ಹಳೆಯ ಇಸ್ಪೀಟಿನ ಕತೆ ಕಾಣುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ (ಭಾಗಗಳಲ್ಲಿ) ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳನ್ನು ವಿವರವಾಗಿ ಬರೆಸಿದರು. 36 ಎಲೆಗಳ ಕಟ್ಟಿನಿಂದ 360 ಎಲೆಗಳ ಕಟ್ಟಿನವರೆಗೆ ಬಗೆಬಗೆಯ ಗಂಜೀಫಾಗಳು ಅದರಲ್ಲಿವೆ. ಚದುರಂಗದ ಕುದುರೆ ಒಂದು ಮನೆಯನ್ನೂ ಬಿಡದೆ, ಯಾವ ಮನೆಗೂ ಎರಡು ಸಲ ಕಾಲಿಡದೆ 64 ಮನೆಗಳನ್ನೂ ಸುತ್ತಿಬರುವ ಸಮಸ್ಯೆಗೆ ಅವರು ಕೊಟ್ಟ ಬಿಡಿಕೆಗಳನ್ನು ಗಣಿತಪ್ರಿಯರು ಇಂದಿಗೂ ನೆನೆಯುತ್ತಾರೆ. ಇಷ್ಟೆಲ್ಲ ಇದ್ದ ಊರಿನಲ್ಲಿ ಈಗ ಗಂಜೀಫಾ ಎಂದರೆ ಚಿತ್ರಕಲೆ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರ ಶ್ರಮದಿಂದ ಆ ಕುಂಚ ಉಳಿಯಿತು, ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ 120 ಎಲೆಗಳ ದಶಾವತಾರ ಗಂಜೀಫಾವನ್ನು ಹಂಚಿ, ರಾಜ ಮಂತ್ರಿಗಳನ್ನು ಲೆಕ್ಕವಿಟ್ಟು, ಆಡಿ ಗೆಲ್ಲಬಲ್ಲವರನ್ನು ನನ್ನ ಪರಿಚಿತರಲ್ಲಿ ಬೆರಳು ಮಡಚಿ ಎಣಿಸಲು ಹೊರಟರೆ ಒಂದು ಬೆರಳೂ ಮಡಚುವುದಿಲ್ಲ. ಎಲೆ ಉಳಿಯಿತು, ಆಟ ಹೋಯಿತು. ಚೌಕಾಬಾರವೂ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವ ಪದಾರ್ಥವಾಗುತ್ತಿದೆಯೆ?

ಇದನ್ನು ಬರೆಯಲು ಪ್ರೇರಣೆಯಾದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಕಳೆದ ತಿಂಗಳು ಗಾಳಿಮಳೆಗೆ ಮರ ಬಿದ್ದು ಸಂಜೆಯೆಲ್ಲ ಕರೆಂಟ್ ಇರಲಿಲ್ಲ. ಟ್ಯಾಬಿನ ಚಾರ್ಜ್ ಮುಗಿದ ಮೇಲೆ ಮೊಮ್ಮಗನೇ ಷೋಕೇಸಿನಿಂದ ಚೌಕಾಬಾರದ ಬಟ್ಟೆಯನ್ನು ತೆಗೆದು ಹಾಸಿದ. ನಾನು, ನನ್ನ ಹೆಂಡತಿ, ಊರಿನಿಂದ ಬಂದಿದ್ದ ನನ್ನ ಅಕ್ಕ, ಅವನು, ಹೀಗೆ ನಾಲ್ವರು ಕುಳಿತೆವು. ಐದೇ ನಿಮಿಷದಲ್ಲಿ ಜಗಳ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂದು ಅಕ್ಕ, ಹಾಗೇನೂ ಇಲ್ಲ ಎಂದು ನನ್ನ ಹೆಂಡತಿ. ಪೆಟ್ಟಿಗೆಯ ಜೊತೆ ಬಂದಿದ್ದ ಚೀಟಿಯಲ್ಲಿ ಮೂರನೆಯದೇ ಒಂದು ಪದ್ಧತಿ ಅಚ್ಚಾಗಿತ್ತು. ಹುಡುಗ ಸ್ವಲ್ಪ ಹೊತ್ತು ಮೂವರ ಮುಖವನ್ನೂ ನೋಡಿ, ‘ಹಾಗಾದರೆ ಸರಿಯಾದ ರೂಲ್ ಯಾವುದು ತಾತ?’ ಎಂದು ಕೇಳಿದ. ಸರಿಯಾದದ್ದು ಎಂಬುದೊಂದು ಇಲ್ಲ, ಕುಳಿತವರು ಒಪ್ಪಿಕೊಂಡದ್ದೇ ನಿಯಮ ಎಂದು ನಾನು ಹೇಳಿದಾಗ ಅವನ ಮುಖದಲ್ಲಿ ಕಂಡ ಬೆರಗನ್ನು ನಾನು ಮರೆಯಲಾರೆ. ಅವನು ಆಡುವ ವಿಡಿಯೊ ಗೇಮ್‌ಗಳಲ್ಲಿ ನಿಯಮ ಯಂತ್ರದ ಒಳಗಿರುತ್ತದೆ. ಅದನ್ನು ಕಲಿಯಬಹುದು, ಅದರೊಡನೆ ವಾದಿಸಲಾಗದು.

ಮಣೆಯಾಟಕ್ಕೂ ವಿಡಿಯೊ ಗೇಮ್‌ಗೂ ಇರುವ ಅಂತರ ಮರ ಮತ್ತು ಗಾಜಿನದಲ್ಲ, ನಿಯಮ ಯಾರ ಕೈಯಲ್ಲಿದೆ ಎಂಬುದರದ್ದು ಎಂದು ನನಗೆ ಅಂದಿನಿಂದ ಅನ್ನಿಸುತ್ತಿದೆ. ತಾವೆಲ್ಲ ಏನನ್ನುತ್ತೀರಿ? ನಿಮ್ಮ ಮನೆಗಳಲ್ಲಿ ಮಣೆ ಇದೆಯೆ, ಆಟವೂ ಇದೆಯೆ?

ಕೋಡುಗಾರ (ಬೆಂಗಳೂರು):

ಕಟ್ಟೆಮನೆಯವರೆ, ನಾನು ಹನ್ನೆರಡು ವರ್ಷಗಳಿಂದ ವಿಡಿಯೊ ಗೇಮ್ ಮಾಡುವ ಕೆಲಸದಲ್ಲಿದ್ದೇನೆ, ಆದ್ದರಿಂದ ಪ್ರತಿಪಕ್ಷದ ವಕೀಲನೆಂದೇ ತಿಳಿಯಿರಿ. ಆದರೂ ಮೊದಲು ನಿಮ್ಮ ಮಾತಿಗೆ ಸಾಕ್ಷಿಯನ್ನೇ ಕೊಡುತ್ತೇನೆ.

ಒಮ್ಮೆ ಬಿಡುವಿನ ವೇಳೆಯಲ್ಲಿ ಚೌಕಾಬಾರವನ್ನು ಫೋನಿಗೆ ಅಳವಡಿಸಲು ಹೊರಟಿದ್ದೆ. ಐದು ಐದಲೆ 25 ಮನೆ, ಹೊರಸುತ್ತು 16, ಒಳಸುತ್ತು 8, ನಡುವೆ ಹಣ್ಣಾಗುವ ಮನೆ. ಬರೆಯಲು ಇದಕ್ಕಿಂತ ಸುಲಭವಾದ ಆಟವಿಲ್ಲ. ನಾಲ್ಕು ಕವಡೆಗಳಲ್ಲಿ ಪ್ರತಿಯೊಂದೂ ಬಾಯಿ ಮೇಲಾಗಿಯೋ ಕೆಳಗಾಗಿಯೋ ಬೀಳುವ ಸಾಧ್ಯತೆ ಸಮಸಮ ಎಂದು ಹಿಡಿದೆ. ಆಗ ಒಟ್ಟು 16 ಬಗೆಯಲ್ಲಿ ಬೀಳಬಹುದಾದ ಕವಡೆಗಳಲ್ಲಿ ಎರಡು ಬೀಳುವುದು 6 ಬಗೆ, ಒಂದು ಮತ್ತು ಮೂರು ತಲಾ 4 ಬಗೆ, ನಾಲ್ಕೂ ಬಾಯಿ ತೆರೆದು ಚೌಕ ಬೀಳುವುದು ಒಂದೇ ಬಗೆ, ನಾಲ್ಕೂ ಬೋರಲಾಗಿ ಎಂಟು ಬೀಳುವುದು ಒಂದೇ ಬಗೆ. ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ. ಅಮ್ಮನ ಕೈಗೆ ಕೊಟ್ಟೆ. ಹತ್ತು ನಿಮಿಷ ಆಡಿ, ‘ಇದು ಮೋಸದ ಕವಡೆ ಕಣೋ, ಎಂಟೇ ಬೀಳುವುದಿಲ್ಲವಲ್ಲ’ ಎಂದರು.

ಅಮ್ಮ ಹೇಳಿದ್ದೇ ಸರಿ. ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಎರಡೂ ಸಮವಾಗಿ ಬೀಳಬೇಕೆಂಬ ಕಟ್ಟಳೆ ಅದಕ್ಕೆಲ್ಲಿಯದು? ಬಾಯಿ ಮೇಲಾಗುವ ಸಾಧ್ಯತೆ ನೂರಕ್ಕೆ 40 ಎಂದು ಇಟ್ಟುಕೊಳ್ಳಿ. ಆಗ ಎಂಟು ಬೀಳುವುದು ನೂರು ಎಸೆತಗಳಲ್ಲಿ ಹೆಚ್ಚುಕಡಿಮೆ 13 ಸಲ, ಚೌಕ ಬೀಳುವುದು ಎರಡು ಮೂರು ಸಲ ಮಾತ್ರ; ಸಮಸಮದ ಲೆಕ್ಕದಲ್ಲಿ ಎರಡೂ ಆರಾರು ಸಲ. ಅಂದರೆ ಒಂದು ಮನೆಯ ಕವಡೆಗೂ ಇನ್ನೊಂದು ಮನೆಯ ಕವಡೆಗೂ ಆಟದ ಸ್ವಭಾವವೇ ಬೇರೆ. ಹುಣಸೆ ಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ತೇಯ್ದು ಆಡುವವರಿಗೆ ಅದೂ ಬೇರೆ. ನನ್ನ ಆ್ಯಪ್ ನ್ಯಾಯವಾಗಿತ್ತು, ಅಮ್ಮನ ಆಟವಾಗಿರಲಿಲ್ಲ.

ಇನ್ನು ಪ್ರತಿವಾದ. ವಿಡಿಯೊ ಗೇಮಿನ ನಿಯಮದೊಡನೆ ವಾದಿಸಲಾಗದು ಎಂದಿರಿ. ನಿಮ್ಮ ಮೊಮ್ಮಗ ಮೈನ್‌ಕ್ರಾಫ್ಟ್ (ಇಟ್ಟಿಗೆಯಂಥ ತುಂಡುಗಳಿಂದ ಮನೆ ಕಟ್ಟುವ ವಿಡಿಯೊ ಗೇಮ್) ಆಡುತ್ತಿದ್ದರೆ ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ. ಒಬ್ಬರ ಮನೆಯನ್ನು ಇನ್ನೊಬ್ಬರು ಒಡೆಯಬಾರದು, ಪೆಟ್ಟಿಗೆಯಿಂದ ಕದಿಯಬಾರದು, ಕದ್ದರೆ ಎಷ್ಟು ವಜ್ರ ದಂಡ ಎಂದು ಮಕ್ಕಳು ತಾವೇ ಕಟ್ಟಳೆ ಮಾಡಿಕೊಂಡು, ಮುರಿದು, ಪಂಚಾಯಿತಿ ನಡೆಸುತ್ತಾರೆ. ಅಲ್ಲಿ ಯಂತ್ರದ ನಿಯಮ ಕೇವಲ ನೆಲ. ಆಟದ ನಿಯಮ ಮಕ್ಕಳದ್ದೇ. ಅಲ್ಲದೆ ಈ ಎರಡು ಲೋಕಗಳ ನಡುವಿನ ಗೋಡೆ ನಾವು ತಿಳಿದಷ್ಟು ಎತ್ತರವಿಲ್ಲ. ನಿಂಟೆಂಡೊ ಕಂಪನಿ ಕ್ಯೋಟೊದಲ್ಲಿ 1889ರಲ್ಲಿ ಶುರುವಾದದ್ದು ಹೂವಿನ ಚಿತ್ರಗಳ ಜಪಾನೀ ಇಸ್ಪೀಟು ಮಾಡಿ ಮಾರಲಿಕ್ಕೆ.

ಮಣೆಯಾಟ ಸೋತದ್ದು ಬಣ್ಣ ಬೆಳಕುಗಳಿಗೆ ಎಂದು ನಾನು ನಂಬುವುದಿಲ್ಲ. ಫೋನಿನಲ್ಲಿ ಎದುರಾಳಿ ಸದಾ ಸಿದ್ಧನಾಗಿರುತ್ತಾನೆ. ರಾತ್ರಿ ಎರಡಕ್ಕೆ ಬೇಕೆಂದರೂ ಸಿಗುತ್ತಾನೆ. ಚೌಕಾಬಾರಕ್ಕೆ ಇನ್ನೊಬ್ಬರು ಬೇಕು, ಆ ಇನ್ನೊಬ್ಬರಿಗೆ ಪುರುಸೊತ್ತಿರಬೇಕು.

ಆಟಿಮಳೆ (ಪುತ್ತೂರು):

ನಮ್ಮ ತುಳುನಾಡಿನಲ್ಲಿ ಇದೇ ಮಣೆಗೆ ಚೆನ್ನೆಮಣೆ ಎನ್ನುತ್ತೇವೆ. ಏಳೇಳರ ಎರಡು ಸಾಲು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಕಟ್ಟೆಮನೆಯವರು ನಿಯಮ ಯಾರ ಕೈಯಲ್ಲಿದೆ ಎಂದು ಕೇಳಿದ್ದಾರೆ. ನಮ್ಮಲ್ಲಿ ಹೇಗೆ ಆಡಬೇಕೆಂಬುದರ ಜೊತೆಗೆ ಯಾವಾಗ ಆಡಬೇಕು, ಯಾರೊಡನೆ ಆಡಬಾರದು ಎಂಬ ನಿಯಮಗಳೂ ಇದ್ದವು ಎಂಬುದನ್ನು ಸೇರಿಸಬಯಸುತ್ತೇನೆ.

ಚೆನ್ನೆಯ ಕಾಲ ಆಟಿ ತಿಂಗಳು. ಗದ್ದೆಯ ನೇಜಿ (ಭತ್ತದ ಸಸಿ) ನೆಟ್ಟು ಮುಗಿದು, ಮಳೆ ಹೊರಗೆ ಕಾಲಿಡಲು ಬಿಡದಿರುವಾಗ ಅಟ್ಟದಿಂದ ಮಣೆ ಇಳಿಯುತ್ತಿತ್ತು. ಸೋಣ ತಿಂಗಳು ಬಂದರೆ ಮತ್ತೆ ಅಟ್ಟಕ್ಕೆ. ಬೇರೆ ದಿನಗಳಲ್ಲಿ ಮಣೆ ಮುಟ್ಟಿದರೆ ನನ್ನ ಅಜ್ಜಿ ಬೈಯುತ್ತಿದ್ದರು. ಅಕ್ಕತಂಗಿಯರಂತೂ ಎದುರುಬದುರು ಕುಳಿತು ಚೆನ್ನೆ ಆಡುವಂತೆಯೇ ಇರಲಿಲ್ಲ, ಏಕೆಂದರೆ ಸಿರಿಯ ಪಾಡ್ದನದಲ್ಲಿ (ತುಳುವಿನ ಕಥನಗೀತೆಯಲ್ಲಿ) ಅಬ್ಬಗ ದಾರಗರೆಂಬ ಅವಳಿ ಸೋದರಿಯರು ಚೆನ್ನೆ ಆಡುತ್ತ ಕುಳಿತಾಗ ಮಾತಿಗೆ ಮಾತು ಬೆಳೆದು, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳಿಗೆ ಹೊಡೆದು ಕೊಂದು, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಹಿಂಸೆಯ ಆಟಗಳು ಮಕ್ಕಳ ಮನಸ್ಸನ್ನು ಕೆಡಿಸುತ್ತವೆ ಎಂದು ವಿಡಿಯೊ ಗೇಮನ್ನು ಬೈಯುವ ಹಿರಿಯರ ಬಳಿ ನಾನು ಈ ಕತೆಯನ್ನು ನೆನಪಿಸುವುದುಂಟು. ಬೀಜ ಹಂಚಿ ಎಣಿಸುವ ಸಾಧು ಆಟದಲ್ಲಿಯೂ ಸೋಲು ಯಾವ ಮಟ್ಟಕ್ಕೆ ಉರಿಯಬಲ್ಲದು ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ಬೇಲಿ ಹಾಕಿದ್ದರು.

ಈಗ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಕಾರ್ಯಕ್ರಮಗಳಲ್ಲಿ ವೇದಿಕೆಯ ಮೇಲೆ ಚೆನ್ನೆಮಣೆ ಇಟ್ಟು, ಅತಿಥಿಗಳಿಂದ ನಾಲ್ಕು ಬೀಜ ಹಾಕಿಸಿ ಉದ್ಘಾಟನೆ ಮಾಡಿಸುತ್ತಾರೆ. ಫೋಟೊ ತೆಗೆದ ಮೇಲೆ ಮಣೆಯನ್ನು ಒಳಗಿಡುತ್ತಾರೆ. ಷೋಕೇಸಿನ ಮಾತು ನನಗೆ ಚೆನ್ನಾಗಿ ಅರ್ಥವಾಯಿತು.

ಕೋಡುಗಾರ:

ಆಟಿಮಳೆಯವರೆ, ಒಂದು ಕಾಲಕ್ಕೆ ಮಾತ್ರ ಆಡುವ ಆಟದ ಕಲ್ಪನೆ ನಮ್ಮ ಉದ್ಯಮಕ್ಕೂ ಗೊತ್ತು. ದೊಡ್ಡ ದೊಡ್ಡ ಗೇಮ್‌ಗಳೆಲ್ಲ ಈಗ ‘ಸೀಸನ್’ ಲೆಕ್ಕದಲ್ಲಿಯೇ ನಡೆಯುತ್ತವೆ. ವ್ಯತ್ಯಾಸವೆಂದರೆ ನಿಮ್ಮ ಸೀಸನ್ ಮುಗಿದಾಗ ಮಣೆ ಅಟ್ಟಕ್ಕೆ ಹೋಗುತ್ತಿತ್ತು. ನಮ್ಮದು ಮುಗಿದ ಮರುದಿನವೇ ಇನ್ನೊಂದು ಶುರುವಾಗುತ್ತದೆ, ಅದಕ್ಕೆ ಮತ್ತೆ ದುಡ್ಡು.

ಹುಲಿಕುರಿ ಮೇಷ್ಟ್ರು (ಹೊಸಪೇಟೆ):

ಹಂಪಿಗೆ ಬಂದವರೆಲ್ಲ ಮೇಲೆ ನೋಡುತ್ತಾರೆ. ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ನೆಲ ನೋಡಿ ಎನ್ನುತ್ತೇನೆ. ಮಂಟಪಗಳ ನೆಲದ ಚಪ್ಪಡಿಗಳಲ್ಲಿ ಹುಲಿ-ಕುರಿಯ ಗೆರೆಗಳನ್ನೂ ಸಾಲು ಗುಳಿಗಳನ್ನೂ ಕೊರೆದಿರುವುದು ಅಲ್ಲಲ್ಲಿ ಕಾಣುತ್ತದೆ. ಯಾರೋ ಕಾವಲಿನವನೋ ವ್ಯಾಪಾರಿಯೋ ಬೇಸರ ಕಳೆಯಲು ಕೊರೆದದ್ದಿರಬೇಕು. ಕುಶಲಕರ್ಮಿ ಮಾಡಿದ ಬೆಲೆಬಾಳುವ ಮಣೆ ಅಲ್ಲಿಲ್ಲ. ಗೆರೆ ಇದೆ, ಅಷ್ಟೆ.

ಆದ್ದರಿಂದ ಮಣೆ ಕೊಳ್ಳುವ ವಿಷಯದಲ್ಲಿ ನನಗೆ ಸ್ವಲ್ಪ ಅಸಹನೆ ಇದೆ. ಶಾಲೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಹುಲಿ-ಕುರಿಯ ಮನೆ ಬರೆದುಕೊಟ್ಟರೆ ಖರ್ಚು ಏನೂ ಇಲ್ಲ: 23 ಬಿಂದು, 3 ಹುಲಿಗೆ ಮೂರು ಇಟ್ಟಿಗೆ ಚೂರು, 15 ಕುರಿಗೆ ಹದಿನೈದು ಬೆಣಚುಕಲ್ಲು. ಮಕ್ಕಳು ಮೊದಲ ವಾರ ಎಲ್ಲರೂ ಹುಲಿಯೇ ಆಗಬೇಕೆನ್ನುತ್ತಾರೆ. ಎರಡನೆಯ ವಾರದ ಹೊತ್ತಿಗೆ, ಅವಸರಪಡದೆ ಕುರಿಗಳನ್ನು ಜೋಡಿಸುತ್ತ ಹೋದರೆ ಹುಲಿಗೆ ಹೆಜ್ಜೆಯಿಡಲೂ ಜಾಗವಿರುವುದಿಲ್ಲ ಎಂಬುದು ತಿಳಿದು, ಜಾಣ ಮಕ್ಕಳು ಕುರಿಯ ಕಡೆಗೆ ಬರುತ್ತಾರೆ. ಇಬ್ಬರಿಗೂ ಬೇರೆ ಬೇರೆ ಸಂಖ್ಯೆ, ಬೇರೆ ಬೇರೆ ಬಲ, ಆದರೂ ಸರಿಸಾಟಿಯ ಹೋರಾಟ. ಇಂಥ ಆಟವನ್ನು ಕಟ್ಟಿದವನು ಸಾಮಾನ್ಯನಲ್ಲ.

ಫೋನು ಆಟವನ್ನು ಕೊಲ್ಲುತ್ತದೆ ಎಂದೂ ನಾನು ಹೇಳುವುದಿಲ್ಲ. ಕೊರೊನಾ ಕಾಲದಲ್ಲಿ ನಮ್ಮ ಶಾಲೆಯ ಇಬ್ಬರು ಹುಡುಗರು ಫೋನಿನಲ್ಲಿ ಚೆಸ್ ಕಲಿತು, ಶಾಲೆ ತೆರೆದಾಗ ಬೋರ್ಡ್ ಕೊಡಿಸಿ ಎಂದು ಗಂಟುಬಿದ್ದರು. 2024ರ ಡಿಸೆಂಬರಿನಲ್ಲಿ ಗುಕೇಶ್ 18ರ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ಬೋರ್ಡುಗಳು ಸಾಲದೆ ರಟ್ಟಿನ ಮೇಲೆ ಗೆರೆ ಎಳೆದುಕೊಂಡರು.

ಎರಡು ಮಕ್ಕಳ ತಾಯಿ (ಹುಬ್ಬಳ್ಳಿ):

ಇಲ್ಲಿಯವರೆಗೆ ಬಂದ ಬರಹಗಳನ್ನೆಲ್ಲ ಓದಿದೆ. ಎಲ್ಲರ ನೆನಪುಗಳಲ್ಲಿಯೂ ಅಜ್ಜಿ ಬರುತ್ತಾಳೆ, ಆದರೆ ಅಜ್ಜಿ ಏಕೆ ಆಡುತ್ತಿದ್ದಳು ಎಂದು ಯಾರೂ ಕೇಳಲಿಲ್ಲ.

ನಮ್ಮ ಅಜ್ಜಿ ಚೌಕಾಬಾರ ಕಲಿತದ್ದು ತಿಂಗಳಿಗೆ ಮೂರು ದಿನ ‘ಹೊರಗೆ’ ಕೂರುವಾಗ. ಹಿತ್ತಲಿನ ಪಡಸಾಲೆಯ ಮೂಲೆಯಲ್ಲಿ, ಯಾರನ್ನೂ ಮುಟ್ಟದೆ, ಯಾವುದನ್ನೂ ಮುಟ್ಟದೆ ಕುಳಿತ ಹೆಣ್ಣುಮಕ್ಕಳಿಗೆ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದುಕೊಳ್ಳಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಅವರು ಅದನ್ನು ದುಃಖದಿಂದ ಹೇಳುತ್ತಿರಲಿಲ್ಲ, ನಗುತ್ತಲೇ ಹೇಳುತ್ತಿದ್ದರು. ಕೆಲಸವಿಲ್ಲದೆ ಕೂತದ್ದು ಆ ಮೂರು ದಿನ ಮಾತ್ರ ಎನ್ನುತ್ತಿದ್ದರು. ಗಂಡಸರು ಕಟ್ಟೆಯ ಮೇಲೆ ಆಡುತ್ತಿದ್ದರು, ಹುಡುಗರು ಬಯಲಿನಲ್ಲಿ ಚಿಣ್ಣಿದಾಂಡು ಆಡುತ್ತಿದ್ದರು, ಹೆಂಗಸರು ಆಡಲು ಹಬ್ಬವೋ ಮೈಲಿಗೆಯೋ ಬರಬೇಕಾಗಿತ್ತು. ಪಂಚಮಿಗೆ ತವರಿಗೆ ಬಂದಾಗ ಜೋಕಾಲಿ, ಉಳಿದಂತೆ ಒಲೆ.

ಈಗ ನನ್ನ ದಿನವನ್ನು ಹೇಳುತ್ತೇನೆ. ಬೆಳಿಗ್ಗೆ ಐದೂವರೆಗೆ ಎದ್ದು, ಡಬ್ಬಿ ಕಟ್ಟಿ, ಕೆಲಸಕ್ಕೆ ಹೋಗಿ, ಸಂಜೆ ಏಳಕ್ಕೆ ಬಂದು ರೊಟ್ಟಿ ಬಡಿಯುವ ಹೊತ್ತಿನಲ್ಲಿ, ‘ಮಕ್ಕಳಿಗೆ ಫೋನ್ ಕೊಡಬೇಡಿ, ಜೊತೆಯಲ್ಲಿ ಕುಳಿತು ದೇಸಿ ಆಟ ಆಡಿಸಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಉಪದೇಶ ಬರುತ್ತದೆ. ಕಳಿಸುವವರು ಸಾಮಾನ್ಯವಾಗಿ ನಿವೃತ್ತರಾದ ಮಾವಂದಿರು. ಕೋಡುಗಾರರು ಹೇಳಿದ ‘ಪುರುಸೊತ್ತಿರುವ ಇನ್ನೊಬ್ಬರು’ ಯಾರಾಗಬೇಕೆಂದು ಎಲ್ಲರೂ ಮನಸ್ಸಿನಲ್ಲಿಯೇ ತೀರ್ಮಾನಿಸಿಬಿಟ್ಟಿದ್ದಾರೆ.

ವಿಡಿಯೊ ಗೇಮ್ ಅಪಾಯವಲ್ಲ ಎಂದು ನಾನು ವಾದಿಸುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್’ ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಗೇಮಿಂಗ್ ವ್ಯಾಧಿಯನ್ನು ಸೇರಿಸಿತು, ಅದು 2022ರಿಂದ ಜಾರಿಯಲ್ಲಿದೆ. ಆದರೆ ಆ ಲಕ್ಷಣಗಳನ್ನು ಒಮ್ಮೆ ಓದಿ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ ಓದು ಸಂಬಂಧಗಳೆಲ್ಲ ಹಿಂದೆ ಸರಿದಿರಬೇಕು, ಕೆಡುಕು ಕಂಡರೂ ನಿಲ್ಲಿಸಲಾಗದಿರಬೇಕು, ಸಾಮಾನ್ಯವಾಗಿ ಇದು 12 ತಿಂಗಳಾದರೂ ನಡೆದಿರಬೇಕು. ನಾನು ರೊಟ್ಟಿ ಬಡಿಯುವ ಮುಕ್ಕಾಲು ಗಂಟೆ ಕಾರ್ ರೇಸ್ ಆಡುವ ನನ್ನ ಮಗ ರೋಗಿಯಲ್ಲ. ಅವನು ಮತ್ತು ಅವನ ತಂಗಿ ಒಂದೇ ಸೋಫಾದಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತು, ಒಬ್ಬರನ್ನೊಬ್ಬರು ತಿವಿಯುತ್ತ ಆಡುವುದನ್ನು ನೋಡಿದರೆ ನನಗೆ ಚೌಕಾಬಾರದ ನೆನಪೇ ಆಗುತ್ತದೆ.

ಕಟ್ಟೆಮನೆ:

ಅಮ್ಮಾ, ನಿಮ್ಮ ಮಾತು ತಾಗಿತು. ವಾಟ್ಸ್ಆ್ಯಪ್ ಉಪದೇಶ ಕಳಿಸುವ ನಿವೃತ್ತರಲ್ಲಿ ನಾನೂ ಒಬ್ಬ. ಆ ಸಂಜೆ ನಾನು ಆಡಲು ಕುಳಿತಿದ್ದಾಗ ಮೇಣದಬತ್ತಿಯ ಬೆಳಕಿನಲ್ಲಿ ಸಾರು ಬಿಸಿ ಮಾಡಲು ನಡುನಡುವೆ ಎದ್ದು ಹೋಗುತ್ತಿದ್ದವರು ಯಾರೆಂದು ಈಗ ನೆನಪಾಗುತ್ತಿದೆ. ಅವರ ಸರದಿಯನ್ನು ಎರಡು ಸಲ ನಾವು ದಾಟಿಸಿಯೂ ಬಿಟ್ಟೆವು.

ರೈನ್ ದಡದವನು (ಡ್ಯೂಸೆಲ್‌ಡಾರ್ಫ್):

ನಾನು ಶಿವಮೊಗ್ಗದವನು, ಒಂಬತ್ತು ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ. ಮಣೆಯಾಟ ಬರೀ ನೆನಪಿನ ಸರಕಾಗಿರದೆ ದಿನಬಳಕೆಯಲ್ಲಿ ಉಳಿದಿರುವ ನಾಡಿನ ಅನುಭವವೂ ಈ ಚರ್ಚೆಗೆ ಬರಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಊರಿಗೆ ಹತ್ತಿರದ ಎಸ್ಸೆನ್ ನಗರದಲ್ಲಿ ಪ್ರತಿ ಅಕ್ಟೋಬರಿನಲ್ಲಿ ಮಣೆಯಾಟಗಳ ಭಾರಿ ಮೇಳ ನಡೆಯುತ್ತದೆ. ಅಲ್ಲಿ ಎಲ್ಲೆಡೆ ಮೇಜುಗಳನ್ನು ಹಾಕಿರುತ್ತಾರೆ. ಕೊಳ್ಳುವ ಮೊದಲು ಕುಳಿತು ಆಡಿ ನೋಡಬಹುದು, ಕಲಿಸಲು ಜನರಿರುತ್ತಾರೆ. ಇಲ್ಲಿ 1979ರಿಂದ ಪ್ರತಿ ವರ್ಷವೂ ವರ್ಷದ ಉತ್ತಮ ಆಟಕ್ಕೆ ಪ್ರಶಸ್ತಿ ಕೊಡುತ್ತಾರೆ. ಈಗ ಬೆಂಗಳೂರಿನ ಕೆಫೆಗಳಲ್ಲಿಯೂ ಆಡುವ ‘ಕಟಾನ್’ 1995ರಲ್ಲಿ ಅದನ್ನು ಪಡೆದದ್ದು. ಪೆಟ್ಟಿಗೆಯ ಮೇಲೆ ಆಟ ಕಟ್ಟಿದವರ ಹೆಸರನ್ನು ಪುಸ್ತಕದ ಲೇಖಕರ ಹೆಸರಿನಂತೆ ಅಚ್ಚು ಹಾಕುತ್ತಾರೆ. ಹಳೆಯ ಆಟಗಳನ್ನು ಕಾಪಾಡುವುದರ ಜೊತೆಗೆ ಹೊಸ ಆಟಗಳನ್ನು ಕಟ್ಟುತ್ತಲೇ ಇರುವುದರಿಂದ ಇಲ್ಲಿ ಮಣೆ ಷೋಕೇಸ್ ಸೇರಿಲ್ಲ ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಹೊಸ ಮಣೆಯಾಟವೊಂದನ್ನು ಕಟ್ಟಿದವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಬೇಗ ಹೆಸರು ಹೊಳೆಯುವುದಿಲ್ಲ.

ಇಲ್ಲಿನ ಮನೆಮನೆಯಲ್ಲಿ ಇರುವ ಹಳೆಯ ಆಟವೊಂದರ ಹೆಸರು ‘ಮೆನ್ಶ್ ಎರ್ಗೆರೆ ಡಿಶ್ ನಿಷ್ಟ್’. ‘ಮಾರಾಯ, ಸಿಟ್ಟಾಗಬೇಡ’ ಎಂದು ಅದರ ಅರ್ಥ. ಮೊದಲ ಸಲ ಪಕ್ಕದ ಮನೆಯವರು ಅದನ್ನು ಹಾಸಿ ನನಗೆ ಕಲಿಸತೊಡಗಿದಾಗ ನನಗೆ ನಗು ತಡೆಯಲಾಗಲಿಲ್ಲ. ನಾಲ್ವರು, ತಲಾ ನಾಲ್ಕು ಕಾಯಿ, ಕಡಿದರೆ ಮತ್ತೆ ಮೊದಲಿನಿಂದ. ನಮ್ಮ ಪಚ್ಚೀಸಿಯೇ ವೇಷ ಬದಲಿಸಿಕೊಂಡು ಬಂದು ಕುಳಿತಿತ್ತು. ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೊ ಆದದ್ದೂ ಅದೇ ಮನೆತನ. ಆ ಲೂಡೊ ಫೋನಿನೊಳಗೆ ಸೇರಿ, 2020ರ ಲಾಕ್‌ಡೌನಿನಲ್ಲಿ ಶಿವಮೊಗ್ಗದಲ್ಲಿದ್ದ ನನ್ನ ಅಮ್ಮನನ್ನೂ ಇಲ್ಲಿದ್ದ ನನ್ನನ್ನೂ ಪ್ರತಿ ಭಾನುವಾರ ಒಂದೇ ಹಾಸಿನ ಸುತ್ತ ಕೂರಿಸಿತು. ಪರದೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ನಿವೃತ್ತ ಗುಮಾಸ್ತ (ದಾವಣಗೆರೆ):

ಎಲ್ಲರೂ ಆಟವನ್ನು ಮಕ್ಕಳ ವಿಷಯವೆಂದೇ ಮಾತನಾಡುತ್ತಿದ್ದೀರಿ. ಪಣದ ಮಾತು ಬರಲಿಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜಿಗೆ ಸಿಕ್ಕಿ ಹೆಂಡತಿಯನ್ನೂ ಮನೆಯನ್ನೂ ಕಳೆದುಕೊಂಡವನ ಗೋಳು ಇದೆ. ಧರ್ಮರಾಯ ಸೋತದ್ದು ಯಾವ ಆ್ಯಪಿನಲ್ಲಿ? ದೀಪಾವಳಿಯ ಹೊತ್ತಿಗೆ ಅಂದರ್-ಬಾಹರ್ ಅಡ್ಡೆಯ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ಪತ್ರಿಕೆಯಲ್ಲಿ ಬಾರದ ವರ್ಷ ನನಗೆ ನೆನಪಿಲ್ಲ. ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಲು ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಾಗ ಹೈಕೋರ್ಟು ಮರುವರ್ಷದ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ದುಡ್ಡಿನ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು (ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್‌ಗಳನ್ನು) ಬೇರೆಯಾಗಿಯೇ ಇಟ್ಟಿತು. ಮಣೆಯದ್ದಾಗಲಿ ಪರದೆಯದ್ದಾಗಲಿ, ದುಡ್ಡು ಬಂದು ಕುಳಿತ ಆಟದ ನಿಯಮವನ್ನು ಮನೆಯವರು ಮಾಡುವುದಿಲ್ಲ. ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಕಟ್ಟೆಮನೆ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ತಮ್ಮ ಮಾತುಗಳಿಂದ ನನ್ನ ಮೊದಲ ಅಭಿಪ್ರಾಯ ಸ್ವಲ್ಪ ಸವೆದಿದೆ. ಕೋಡುಗಾರರು ಹೇಳಿದಂತೆ ಮೊಮ್ಮಗನ ಪಕ್ಕದಲ್ಲಿ ಕುಳಿತು ಅವನ ಮೈನ್‌ಕ್ರಾಫ್ಟ್ ಪಂಚಾಯಿತಿಯನ್ನು ಕೇಳಿಸಿಕೊಂಡೆ. ಯಾರದೋ ಕುರಿಗಳನ್ನು ಇನ್ನಾರೋ ಬೇಲಿ ಒಡೆದು ಬಿಟ್ಟ ವ್ಯಾಜ್ಯ ಒಂದು ಗಂಟೆ ನಡೆಯಿತು. ನಮ್ಮ ಊರಿನ ಹೊಲದ ಬದುವಿನ ಜಗಳಕ್ಕಿಂತ ಅದು ಕಡಿಮೆಯಿರಲಿಲ್ಲ. ಪರದೆಯ ಆಟದಲ್ಲಿ ವಾದಕ್ಕೆ ಎಡೆಯೇ ಇಲ್ಲ ಎಂದು ನಾನು ಬರೆದದ್ದು ತಪ್ಪು. ಎಡೆ ಕೊಡುವ ಆಟಗಳೂ ಇವೆ, ಕೊಡದವೂ ಇವೆ. ಮಣೆಗಳಲ್ಲಿಯೂ ಹಾಗೆಯೇ, ಅಚ್ಚಾದ ಚೀಟಿಯನ್ನೇ ವೇದವೆಂದು ಹಿಡಿದು ಆಡುವವರಿಗೆ ಮಣೆಯೂ ಒಂದು ಯಂತ್ರವೇ.

ಶನಿವಾರ ಸಂಜೆ ಆರರಿಂದ ಏಳರವರೆಗೆ ಚೌಕಾಬಾರ ಎಂದು ಗೊತ್ತುಮಾಡಿಕೊಂಡಿದ್ದೇವೆ. ಆ ಹೊತ್ತಿನಲ್ಲಿ ಅಡುಗೆಮನೆಗೆ ಹೋಗುವವನು ನಾನು, ಮಾಡುವುದು ಉಪ್ಪಿಟ್ಟು ಮಾತ್ರ. ಮೊದಲ ಶನಿವಾರ ಹುಡುಗ ಉತ್ಸಾಹದಿಂದ ಆಡಿದ, ಎರಡನೆಯ ವಾರ ಅರ್ಧಕ್ಕೆ ಎದ್ದು ಹೋದ. ಮೂರನೆಯ ವಾರ ತಾನೇ ಒಂದು ನೋಟ್‌ಬುಕ್ ತಂದು, ಮೇಲೆ ‘ಅಜ್ಜಿ ರೂಲ್’, ‘ದೊಡ್ಡಜ್ಜಿ ರೂಲ್’, ‘ಚೀಟಿ ರೂಲ್’ ಎಂದು ಮೂರು ಕಲಂ ಎಳೆದು, ಪ್ರತಿ ಆಟಕ್ಕೂ ಮುಂಚೆ ಯಾವ ಕಲಂ ಎಂದು ಕೈ ಎತ್ತಿಸುತ್ತಿದ್ದಾನೆ. ನಾಲ್ಕನೆಯ ಕಲಂ ಖಾಲಿ ಇದೆ, ಅದು ತನ್ನದಂತೆ. ಅಳಿಗುಳಿ ಮಣೆಗಳು ಮಾತ್ರ ಇನ್ನೂ ಷೋಕೇಸಿನಲ್ಲಿಯೇ ಇವೆ.

ಒಂದು ವಿಷಯ ಬಗೆಹರಿದಿಲ್ಲ, ತಾವು ಹೇಳಬೇಕು. ಎಂಟರ ಮೇಲೆ ಎಂಟು, ಅದರ ಮೇಲೂ ಎಂಟು ಬಿದ್ದರೆ ಮೂರೂ ಸುಟ್ಟುಹೋಗುತ್ತವೆ ಎಂದು ಅಕ್ಕ ಹೇಳುತ್ತಾರೆ. ಇದು ಎಲ್ಲ ಕಡೆಯೂ ಇದೆಯೆ?

ಎರಡು ಮಕ್ಕಳ ತಾಯಿ:

ನಮ್ಮಲ್ಲಿ ಸುಡುವುದಿಲ್ಲ. ಬಿದ್ದದ್ದೆಲ್ಲ ನಡೆಸುತ್ತೇವೆ. ಉಪ್ಪಿಟ್ಟಿನ ಸುದ್ದಿ ಕೇಳಿ ಸಂತೋಷವಾಯಿತು.

ಆಟಿಮಳೆ:

ಮೂರು ಸಲ ಬಿದ್ದರೆ ಸುಡಲೇಬೇಕು. ಇಲ್ಲದಿದ್ದರೆ ಎದುರಿಗೆ ಕುಳಿತವರ ಗತಿ ಏನು?

ಕೋಡುಗಾರ:

ಸಮಸಮದ ಕವಡೆಯಲ್ಲಿ ಮೂರು ಎಂಟು ಒಟ್ಟಿಗೆ ಬೀಳುವುದು 4096 ಸಲಕ್ಕೆ ಒಮ್ಮೆ. ಅಮ್ಮನ ಕವಡೆಯಲ್ಲಿ ಐನೂರಕ್ಕೆ ಒಂದು ಸಲ ಬಿದ್ದೀತು. ಆದ್ದರಿಂದ ನಿಮ್ಮ ಅಕ್ಕನವರ ಕವಡೆ ಎಂಥದು ಎಂದು ಮೊದಲು ನೋಡಬೇಕಾಗುತ್ತದೆ.

ಕಟ್ಟೆಮನೆ:

ಅಕ್ಕ ಕವಡೆಯನ್ನು ಕೊಡಲು ಒಪ್ಪುತ್ತಿಲ್ಲ.